ಶಿಫ್ಟ್-ಎಂಟರ್ ರಾಯರು

ಹೆಬ್ಬಾಳದ ಕಡೆಯಿಂದ ಬಂದು ಮಾನ್ಯತಾ ಟೆಕ್ ಪಾರ್ಕಿನ ಗೇಟಿಗೆ ನುಗ್ಗುವ ಬೆಳಗಿನ ಗುಂಪಿನಲ್ಲಿ ರಾಯರನ್ನು ಕಂಡುಹಿಡಿಯುವುದು ಕಷ್ಟವಲ್ಲ. ಎಲ್ಲರ ಲ್ಯಾಪ್‌ಟಾಪೂ ಬ್ಯಾಗಿನೊಳಗಿದ್ದರೆ ಅವರದು ಕೈಯಲ್ಲಿರುತ್ತದೆ. ಅದೂ ಪೂರ್ತಿ ಮುಚ್ಚಿರುವುದಿಲ್ಲ, ಮುಚ್ಚಳದ ಸಂದಿಯಲ್ಲಿ ಒಂದು ಬೆರಳು. ಮುಚ್ಚಿದರೆ ಯಂತ್ರ ಮಲಗುತ್ತದೆ, ಮಲಗಿದರೆ ಒಳಗೆ ಕೋಡ್ ಓಡಿಸುವ ಕರ್ನೆಲ್ ಸಾಯುತ್ತದೆ, ಕರ್ನೆಲ್ ಸತ್ತರೆ ರಾತ್ರಿಯೆಲ್ಲ ಯಲಹಂಕ ನ್ಯೂ ಟೌನಿನ ಮನೆಯಲ್ಲಿ ಎದ್ದು ಕೂತು ಮಾಡಿದ್ದು ನೀರುಪಾಲು. ಇದು ಅವರ ನಂಬಿಕೆ. ಯಂತ್ರ ಮಲಗಿದ ಮಾತ್ರಕ್ಕೆ ಕರ್ನೆಲ್ ಸಾಯಬೇಕೆಂದೇನೂ ಇಲ್ಲ ಅಂತ ತಿಳಿದವರು ಹೇಳಿ ನೋಡಿದ್ದಾರೆ. "ನಿಮಗೆ ಸತ್ತಿಲ್ಲ, ನನಗೆ ಸತ್ತಿದೆ" ಅನ್ನುತ್ತಾರೆ ರಾಯರು. ಅನುಭವಸ್ಥರ ಎದುರು ಏನು ವಾದ ಮಾಡುವುದು?

ವಯಸ್ಸು ಇನ್ನೂ ಮೂವತ್ತು ದಾಟಿಲ್ಲ. ರಾಯರು ಅನ್ನುವುದು ತಂಡದವರು ಕೊಟ್ಟ ಬಿರುದು. ಇಂಥವರು ಪ್ರತಿ ಮಹಡಿಗೂ ಒಬ್ಬೊಬ್ಬರು ಇರುವುದರಿಂದ ಸ್ವಂತ ಹೆಸರಿನ ಅಗತ್ಯ ಬೀಳುವುದಿಲ್ಲ. ಮೊದಲು ಡೇಟಾ ಅನಲಿಸ್ಟ್ ಆಗಿದ್ದರು, ಆಮೇಲೆ ಡೇಟಾ ಸೈಂಟಿಸ್ಟ್ ಆದರು, ಈಗ ಎಐ ಇಂಜಿನಿಯರ್. ಕೆಲಸ ಮಾತ್ರ ಅದೇ: ಒಂದು ಚೌಕದೊಳಗೆ ಎರಡು ಸಾಲು ಪೈಥಾನ್ ಬರೆಯುವುದು, ಶಿಫ್ಟ್ ಒತ್ತಿ ಎಂಟರ್ ಹೊಡೆಯುವುದು, ಕೆಳಗೆ ಬಂದ ಉತ್ತರ ನೋಡಿ "ಓಹೋ" ಅನ್ನುವುದು, ಇನ್ನೊಂದು ಚೌಕ ತೆರೆಯುವುದು. ಚೌಕಕ್ಕೆ ಸೆಲ್ ಅಂತ ಹೆಸರು, ಸೆಲ್‌ಗಳ ಸರಮಾಲೆಗೆ ನೋಟ್‌ಬುಕ್ ಅಂತ. ಸೆಲ್ ಓಡುತ್ತಿರುವಷ್ಟು ಹೊತ್ತು ಅದರ ಪಕ್ಕದಲ್ಲಿ ಒಂದು ನಕ್ಷತ್ರದ ಚಿಹ್ನೆ ಇರುತ್ತದೆ, ಮುಗಿದ ಮೇಲೆ ಅಲ್ಲಿ ಒಂದು ಸಂಖ್ಯೆ ಬಂದು ಕೂರುತ್ತದೆ. ರಾಯರ ಕಾಫಿ, ಟೇಬಲ್ ಟೆನಿಸ್, ಅಮ್ಮನ ಜೊತೆ ಫೋನು, ಎಲ್ಲವೂ ಆ ನಕ್ಷತ್ರ ಇರುವಾಗಲೇ ನಡೆಯುತ್ತವೆ. ಮ್ಯಾನೇಜರ್ ಬಂದು ನಿಂತರೆ ಪರದೆಯತ್ತ ಗದ್ದ ಎತ್ತುತ್ತಾರೆ: "ಓಡ್ತಾ ಇದೆ ಸಾರ್."

ನೋಟ್‌ಬುಕ್ಕಿನ ವಂಶಾವಳಿ ಹೇಳಲು ಕೂತರೆ ರಾಯರಿಗೆ ಊಟ ಬೇಡ. 2001ರಲ್ಲಿ ಅಮೆರಿಕದಲ್ಲಿ ಭೌತಶಾಸ್ತ್ರದ ಸಂಶೋಧನೆ ಮಾಡುತ್ತಿದ್ದ ಫರ್ನಾಂಡೊ ಪೆರೆಜ್ ಎಂಬಾತ ಪಿಎಚ್.ಡಿ. ಪ್ರಬಂಧ ಮುಂದೂಡಲು ನೆಪ ಬೇಕಾಗಿ ಐಪೈಥಾನ್ ಬರೆದ. 2011ರಲ್ಲಿ ಅದಕ್ಕೆ ನೋಟ್‌ಬುಕ್ಕಿನ ರೂಪ ಬಂತು, 2014ರಲ್ಲಿ ಜುಪಿಟರ್ ಎಂಬ ಹೆಸರು. ಇದರಲ್ಲಿ ರಾಯರಿಗೆ ಬಹಳ ಹಿಡಿಸಿರುವುದು ಪ್ರಬಂಧ ಮುಂದೂಡಿದ ಭಾಗ. ಮಾಡಬೇಕಾದ್ದನ್ನು ಬಿಟ್ಟು ಬೇರೇನೋ ಮಾಡಿಯೂ ಮನುಷ್ಯ ಉದ್ಧಾರವಾಗಬಹುದು ಎಂಬುದಕ್ಕೆ ಅವರ ಬಳಿ ಇರುವ ಒಂದೇ ಆಧಾರ ಅದು.

ರಾಯರ ಯಾವ ನೋಟ್‌ಬುಕ್ ತೆರೆದರೂ ಬುಡದಲ್ಲಿ ಬೆಂಗಳೂರಿನ ಮನೆಗಳಿರುತ್ತವೆ. ಕ್ಯಾಗಲ್ ಎಂಬ ತಾಣದಲ್ಲಿ ಪುಕ್ಕಟೆ ಸಿಗುವ ಮನೆ ಬೆಲೆಗಳ ಪಟ್ಟಿ ಅದು, ಒಟ್ಟು 13,320 ಸಾಲು. ಯಾವ ಏರಿಯಾ, ಎಷ್ಟು ಬೆಡ್‌ರೂಮು, ಎಷ್ಟು ಚದರಡಿ, ಎಷ್ಟು ಬಚ್ಚಲು, ಎಷ್ಟು ಬಾಲ್ಕನಿ, ಬೆಲೆ ಎಷ್ಟು ಲಕ್ಷ. ಮಷೀನ್ ಲರ್ನಿಂಗ್ ಕಲಿಯಲು ಹೊರಟ ಎಷ್ಟೋ ಹುಡುಗರು ಮೊದಲು ಕೈಯಾಡಿಸುವುದು ಇದರ ಮೇಲೆ. ರಾಯರು ಯಲಹಂಕದ ಕಾಲೇಜಿನಲ್ಲಿ ಫೈನಲ್ ಇಯರ್ ಪ್ರಾಜೆಕ್ಟಿಗೆ ಶುರು ಮಾಡಿದ್ದು ಇನ್ನೂ ಬಿಟ್ಟಿಲ್ಲ. ಹೊಸ ಲೈಬ್ರರಿ ಬಂದರೆ, ಹೊಸ ಮಾಡೆಲ್ ಬಂದರೆ, ಮೊದಲು ಈ ಮನೆಗಳ ಮೇಲೇ ಪ್ರಯೋಗ. ಫೈಲುಗಳ ಹೆಸರು ಅನ್‌ಟೈಟಲ್ಡ್, ಅನ್‌ಟೈಟಲ್ಡ್ 1, ಅನ್‌ಟೈಟಲ್ಡ್ 2. ಕೊನೆಯದು ಯಾವ ಸಂಖ್ಯೆಗೆ ಮುಟ್ಟಿದೆ ಅಂತ ನಾನು ಕೇಳಲು ಹೋಗಿಲ್ಲ.

ಪಟ್ಟಿಯೊಳಗಿನ ಸ್ವಾರಸ್ಯವನ್ನು ಅವರ ಬಾಯಲ್ಲೇ ಕೇಳಬೇಕು. ಚದರಡಿ ಇರಬೇಕಾದ ಜಾಗದಲ್ಲಿ ಯಲಹಂಕದ ಒಂದು ಮನೆಗೆ "2100 - 2850" ಅಂತ ಬರೆದಿದೆ. ಹೆಬ್ಬಾಳದ ಒಂದಕ್ಕೆ "3067 - 8156", ಬೆಲೆ 477 ಲಕ್ಷ. ಕೆಂಗೇರಿಯದು ಚದರ ಮೀಟರಿನಲ್ಲಿದೆ, ಅರೆಕೆರೆಯದು ಪರ್ಚ್ ಎಂಬ ಅಳತೆಯಲ್ಲಿ. ಹೆಬ್ಬಾಳದ ಮನೆಯನ್ನು ರಾಯರು ಕೂಡಿಸಿ ಭಾಗಿಸಿ 5611.5 ಚದರಡಿ ಮಾಡಿದ್ದಾರೆ. ಆ ಅರ್ಧ ಅಡಿಯನ್ನು ಕಂಡರೆ ಅವರಿಗೆ ಮಮತೆ. ಎಲ್ಲಕ್ಕಿಂತ ಪ್ರಿಯವಾದದ್ದು ಮುನ್ನೇಕೊಳಾಲದ ಸಾಲು: 43 ಬೆಡ್‌ರೂಮು, 40 ಬಚ್ಚಲು, 2400 ಚದರಡಿ, 660 ಲಕ್ಷ. "ಒಂದು ರೂಮಿಗೆ 56 ಚದರಡಿನೂ ಬರಲ್ಲ ಮಗಾ! ಮಂಚ ಹಾಕಿದ್ರೆ ಬಾಗಿಲು ತೆಗೆಯೋಕಾಗಲ್ಲ!" ಅಂತ ನಕ್ಕು, ಬೆಡ್‌ರೂಮಿಗೆ 300 ಚದರಡಿಗಿಂತ ಕಡಿಮೆ ಇರುವುದೆಲ್ಲ ಡೇಟಾದ ಕಸ ಎಂಬ ನಿಯಮ ಹಾಕಿ, ಶಿಫ್ಟ್-ಎಂಟರ್ ಹೊಡೆದು ಆ ಮನೆಯನ್ನು ಅಳಿಸಿಬಿಡುತ್ತಾರೆ. ಹೊಸಬರು ಸಿಕ್ಕಾಗ ಮತ್ತೆ ತೋರಿಸಿ, ಮತ್ತೆ ನಕ್ಕು, ಮತ್ತೆ ಅಳಿಸುತ್ತಾರೆ.

ಇಷ್ಟರ ಮಟ್ಟಿಗೆ ನಾನು ರಾಯರ ಪಕ್ಷ. ಪೂರ್ತಿ ಪ್ರೋಗ್ರಾಮನ್ನು ಎಡಿಟರಿನಲ್ಲಿ ಬರೆದು ಒಂದೇ ಸಲ ಓಡಿಸಿದರೆ ಸರಾಸರಿ ಬೆಲೆ ಕೈಗೆ ಬರುತ್ತದೆ. 43 ಬೆಡ್‌ರೂಮು ಅದರೊಳಗೆ ಎಲ್ಲಿ ಕರಗಿಹೋಯಿತೋ ಗೊತ್ತೇ ಆಗುವುದಿಲ್ಲ. ಸಾಲು ಸಾಲಾಗಿ ಇಣುಕಿ ನೋಡಲು, ಅನುಮಾನ ಬಂದಲ್ಲಿ ನಿಂತು ಒಂದು ಗ್ರಾಫ್ ಎಳೆಯಲು ನೋಟ್‌ಬುಕ್ಕಿನಂಥದ್ದು ಇಲ್ಲ. ತಕರಾರು ಏಳುವುದು ಆ ನೋಟ್‌ಬುಕ್ ಇನ್ನೊಬ್ಬರ ಕೈಗೆ ಬಂದಾಗ. ಆ ಇನ್ನೊಬ್ಬ ನಾನು. ರಾಯರ ಲೆಕ್ಕವನ್ನು ದಿನಾ ರಾತ್ರಿ ಎರಡು ಗಂಟೆಗೆ, ರಾಯರಿಲ್ಲದೆ, ತಾನಾಗಿಯೇ ಓಡುವಂತೆ ಮಾಡುವುದು ನನ್ನ ಉದ್ಯೋಗ.

ಮೊದಲ ಸಲ ಫೋನ್ ಮಾಡಿದಾಗ ಅವರು ಹೆಬ್ಬಾಳ ಫ್ಲೈಓವರ್ ಮೇಲೆ ಕ್ಯಾಬಿನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಆದ್ದರಿಂದ ಮಾತಿಗೆ ಬೇಕಾದಷ್ಟು ಪುರುಸೊತ್ತಿತ್ತು.

"ಗುರು, ನಿನ್ನ ನೋಟ್‌ಬುಕ್ ಓಡಿಸಿದೆ. ಡಿಎಫ್7 ಅನ್ನೋ ವೇರಿಯಬಲ್ಲೇ ಇಲ್ಲ ಅಂತ ಎರರ್ ಬರ್ತಿದೆ."

"ಹೇಗೆ ಓಡಿಸಿದೆ?"

"ಮೇಲಿಂದ ಕೆಳಗೆ."

"ಅಯ್ಯೋ, ಮೇಲಿಂದ ಕೆಳಗೆ ಯಾಕೋ ಓಡಿಸೋಕೆ ಹೋದೆ?"

ಆಮೇಲೆ ಕ್ರಮ ಹೇಳಿಕೊಟ್ಟರು. ಮೊದಲು ಮೂರನೇ ಸೆಲ್, ಆಮೇಲೆ ಹನ್ನೊಂದು, ಅಲ್ಲಿಂದ ಹಿಂದೆ ಬಂದು ಆರು. ಆರನ್ನು ಎರಡು ಸಲ ಓಡಿಸಬೇಕು, ಒಂದೇ ಸಲ ಓಡಿಸಿದರೆ ಹೆಬ್ಬಾಳ ಬರುವುದಿಲ್ಲ. ಎಂಟನ್ನು ಯಾವ ಕಾರಣಕ್ಕೂ ಮುಟ್ಟಬಾರದು. ಡಿಎಫ್7 ಹುಟ್ಟಿದ ಸೆಲ್ ಎಲ್ಲಿ ಅಂತ ಕೇಳಿದೆ. ಅದನ್ನು ಹಿಂದಿನ ವಾರ ಡಿಲೀಟ್ ಮಾಡಿದ್ದರಂತೆ. "ಆದ್ರೆ ನನ್ನ ಮೆಷಿನ್‌ನಲ್ಲಿ ಡಿಎಫ್7 ಇನ್ನೂ ಇದೆಯಲ್ಲ" ಅಂದರು. ಇತ್ತು, ನಿಜ. ಬರೆದ ಸಾಲು ಹೋದರೂ ಅದು ಹುಟ್ಟಿಸಿದ ಮೌಲ್ಯ ಕರ್ನೆಲ್ಲಿನ ನೆನಪಿನಲ್ಲಿ ಉಳಿದಿರುತ್ತದೆ. ಸಂದಿಯಲ್ಲಿಟ್ಟ ಆ ಬೆರಳು ಅಷ್ಟು ದಿನ ಕಾಪಾಡಿಕೊಂಡು ಬಂದದ್ದು ಡಿಎಫ್7ನ್ನೇ.

ಇದು ನಮ್ಮ ರಾಯರೊಬ್ಬರ ಕಥೆಯಲ್ಲ. ಗಿಟ್‌ಹಬ್‌ನಲ್ಲಿದ್ದ ಲಕ್ಷಗಟ್ಟಲೆ ನೋಟ್‌ಬುಕ್‌ಗಳನ್ನು ಇಳಿಸಿಕೊಂಡು ಓಡಿಸಿ ನೋಡಿದ ಅಧ್ಯಯನವೊಂದು 2019ರಲ್ಲಿ ಬಂತು. ಎರರ್ ಇಲ್ಲದೆ ಕೊನೆ ಮುಟ್ಟಿದ್ದು ಶೇಕಡಾ 24. ಮೊದಲಿನ ಉತ್ತರವನ್ನೇ ಮತ್ತೆ ಕೊಟ್ಟಿದ್ದು ಶೇಕಡಾ 4. ರಾಯರಿಗೆ ತೋರಿಸಿದೆ. "ನೋಡು, ನನ್ನಂಥೋರು ನಾಲ್ಕು ಪರ್ಸೆಂಟ್ ಮಾತ್ರ" ಅಂದರು.

ರಾಯರ ಎದುರಿನ ಸೀಟು ವಿಮ್ ಮೇಷ್ಟ್ರದು. ಆರ್.ಟಿ. ನಗರದವರು, ನಲವತ್ತು ದಾಟಿದವರು, ಮೌಸ್ ಮುಟ್ಟದ ವ್ರತದವರು. ಬ್ರಾಮ್ ಮೂಲೆನಾರ್ 1991ರಲ್ಲಿ ಲೋಕಕ್ಕೆ ಕೊಟ್ಟ ವಿಮ್ ಎಡಿಟರ್ ಬಿಟ್ಟು ಬೇರೊಂದರಲ್ಲಿ ಒಂದಕ್ಷರ ಬರೆದವರಲ್ಲ. ಕಪ್ಪು ಪರದೆ, ಹಸಿರು ಅಕ್ಷರ, ಇಡೀ ಮಹಡಿಗೆ ಕೇಳುವ ಕೀಬೋರ್ಡು. ಒಳಗೆ ಹೋದ ಹೊಸಬರು ಹೊರಗೆ ಬರುವ ದಾರಿ ಕಾಣದೆ ಲ್ಯಾಪ್‌ಟಾಪನ್ನೇ ಆಫ್ ಮಾಡಿದ ಪ್ರಸಂಗಗಳು ಮೇಷ್ಟ್ರಿಗೆ ಬಾಯಿಪಾಠ. ನೋಟ್‌ಬುಕ್ ಅಂದರೆ ಅವರಿಗೆ ಮೈಲಿಗೆ. ಜೋಯೆಲ್ ಗ್ರಸ್ ಎಂಬಾತ 2018ರಲ್ಲಿ ನ್ಯೂಯಾರ್ಕಿನಲ್ಲಿ, ಜುಪಿಟರ್‌ನವರದೇ ಸಮ್ಮೇಳನಕ್ಕೆ ಹೋಗಿ, ತನಗೆ ನೋಟ್‌ಬುಕ್ ಕಂಡರೆ ಆಗದು ಅಂತ ಭಾಷಣ ಮಾಡಿ ಬಂದ. ಮದುವೆ ಮನೆಗೆ ಹೋಗಿ, ಮೊದಲ ಪಂಕ್ತಿಯಲ್ಲೇ ಕೂತು, ಗಂಡು ಸರಿಯಿಲ್ಲ ಅಂದ ಹಾಗೆ. ಆ ಭಾಷಣದ ವಿಡಿಯೊವನ್ನು ಮೇಷ್ಟ್ರು ರಾಯರಿಗೆ ಪ್ರತಿ ಯುಗಾದಿಗೂ ಕಳಿಸುತ್ತಾರೆ.

ಮೇಷ್ಟ್ರ ಮಾತಿನಲ್ಲಿ ಹುರುಳಿಲ್ಲ ಅನ್ನುವಂತಿಲ್ಲ. ಎಡಿಟರಿನಲ್ಲಿ ಬರೆದ ಫೈಲು ಮೇಲಿಂದ ಕೆಳಗೇ ಓಡುತ್ತದೆ, ಬೇರೆ ದಾರಿಯೇ ಇಲ್ಲ. ಒಂದು ಅಂಕಿ ತಿದ್ದಿದರೆ, ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಒಂದು ಸಾಲು ಬದಲಾಗಿದೆ ಅಂತ ಕಾಣುತ್ತದೆ. ರಾಯರು ಒಂದು ಅಂಕಿ ತಿದ್ದಿ ಮತ್ತೆ ಓಡಿಸಿದರೆ, ಗ್ರಾಫಿನ ಚಿತ್ರಗಳೂ ಅದೇ ಫೈಲಿನೊಳಗೆ ಅಕ್ಷರಗಳಾಗಿ ತುಂಬಿಕೊಂಡಿರುವುದರಿಂದ, ಪುಟಗಟ್ಟಲೆ ಬದಲಾವಣೆ ಕಾಣುತ್ತದೆ. ಅದನ್ನು ಓದಿ ಒಪ್ಪಿಗೆ ಕೊಡಬೇಕಾದವರು ಮೇಷ್ಟ್ರೇ. ಓದದೆ ಒಪ್ಪಿಗೆ ಕೊಡುತ್ತಾರೆ, ನಿಟ್ಟುಸಿರು ಮಾತ್ರ ಓದಿದವರಷ್ಟೇ ಬಿಡುತ್ತಾರೆ.

ಹಾಗಂತ ಮೇಷ್ಟ್ರ ಕೈಗೆ ಕೆಲಸ ಕೊಟ್ಟು ನೋಡಿ. ಅವರ ಎಡಿಟರಿಗೆ ಒಂದು ಕಾನ್ಫಿಗ್ ಫೈಲು ಇದೆ. ಯಾವ ಕೀ ಒತ್ತಿದರೆ ಏನಾಗಬೇಕು, ಆವರಣ ಚಿಹ್ನೆಗೆ ಯಾವ ಬಣ್ಣ, ಎಲ್ಲ ಅದರಲ್ಲಿ. ಅದು ಕಂಪನಿಯ ಪ್ರಾಡಕ್ಟಿಗಿಂತ ಚೆನ್ನಾಗಿದೆ, ಹೆಚ್ಚು ಸಲ ಅಪ್‌ಡೇಟ್ ಕೂಡ ಆಗಿದೆ. ರಾಯರು ಶುರು ಮಾಡಿದ್ದನ್ನು ಮುಗಿಸುವುದಿಲ್ಲ. ಮೇಷ್ಟ್ರು ಮುಗಿಸಬಲ್ಲವರು, ಆದರೆ ಶುರು ಮಾಡಲು ಬಣ್ಣ ಸರಿಹೋಗಬೇಕು. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ವಿಎಸ್ ಕೋಡ್‌ನಲ್ಲಿ ಎಡ ಅರ್ಧಕ್ಕೆ ನೋಟ್‌ಬುಕ್, ಬಲ ಅರ್ಧಕ್ಕೆ ಪೈಥಾನ್ ಫೈಲು ಇಟ್ಟುಕೊಂಡು, ಎಡಗಡೆ ನೋಡಿದ್ದನ್ನು ಬಲಗಡೆ ಫಂಕ್ಷನ್ ಮಾಡಿ ಬರೆದು, ಆರು ಗಂಟೆಗೆ ಎದ್ದು ಯಶವಂತಪುರದ ಬಸ್ಸು ಹಿಡಿಯುತ್ತಾಳೆ. ರಾಯರು, ಮೇಷ್ಟ್ರು ಒಮ್ಮತದಿಂದ ಒಪ್ಪದಿರುವುದು ಇವಳೊಬ್ಬಳನ್ನೇ. "ಒಂದು ನಿಷ್ಠೆ ಅಂತ ಬೇಡ್ವಾ?"

ಹೋದ ತಿಂಗಳ ಒಂದು ಭಾನುವಾರ ರಾಯರ ತಂದೆ ಮನೆ ಕೊಳ್ಳುವ ಮಾತೆತ್ತಿ, ಯಲಹಂಕದ ದರ್ಶಿನಿಯೊಂದಕ್ಕೆ ಬ್ರೋಕರನ್ನು ಕರೆಸಿದ್ದರು. ಸಾಕ್ಷಿಗೆ ಅಂತ ರಾಯರು ನನ್ನನ್ನೂ ಎಳೆದುಕೊಂಡು ಹೋದರು. ನಿಂತು ತಿನ್ನುವ ಮೇಜಿನ ಮೇಲೆ, ಚಟ್ನಿಯಿಂದ ಗೇಣು ದೂರದಲ್ಲಿ ಲ್ಯಾಪ್‌ಟಾಪ್ ಇಟ್ಟು, ಮೂರು ಬೆಡ್‌ರೂಮು, 1650 ಚದರಡಿ, ಯಲಹಂಕ ಅಂತ ಕೊಟ್ಟು ಮಾಡೆಲ್ ಓಡಿಸಿ ಬೆಲೆ ಹೇಳಿದರು.

ಬ್ರೋಕರ್ ಮರ್ಯಾದೆಯಿಂದ ಕೇಳಿಸಿಕೊಂಡ. "ಎ ಖಾತಾನೋ ಬಿ ಖಾತಾನೋ ಸಾರ್?"

ಪಟ್ಟಿಯಲ್ಲಿ ಖಾತೆಯ ಕಾಲಮ್ ಇಲ್ಲ.

"ಕಾವೇರಿ ನೀರಾ, ಬೋರಾ?"

ಅದೂ ಇಲ್ಲ.

"ಏರ್‌ಫೋರ್ಸ್ ಕಡೆಗೆ ಬರುತ್ತಾ? ಎನ್‌ಒಸಿ ಕೇಳ್ತಾರೆ."

ರಾಯರ ತಂದೆ ಮಗನ ಮುಖ ನೋಡಿದರು. ರಾಯರು ಮಾತು ತಿರುಗಿಸಲು ತಮ್ಮ ಖಾಯಂ ನಗೆಬುಗ್ಗೆ ತೆಗೆದರು: "ಬಿಡಿ, ಇದನ್ನ ಕೇಳಿ ಅಣ್ಣ. ಮುನ್ನೇಕೊಳಾಲದಲ್ಲಿ 2400 ಚದರಡಿಗೆ 43 ಬೆಡ್‌ರೂಮು, 40 ಬಾತ್‌ರೂಮು!"

ಬ್ರೋಕರ್ ನಗಲಿಲ್ಲ. ಕಾಫಿ ಲೋಟ ಕೆಳಗಿಟ್ಟ.

"2400 ಅಂದ್ರೆ ಫಾರ್ಟಿ ಸಿಕ್ಸ್ಟಿ ಸೈಟು ಸಾರ್. ಅದು ಸೈಟಿನ ಅಳತೆ, ಮನೇದಲ್ಲ. ಮೇಲಕ್ಕೆ ನಾಲ್ಕೈದು ಫ್ಲೋರ್ ಎತ್ತಿರ್ತಾರೆ. ರೂಮಿಗೊಂದು ಬಾತ್‌ರೂಮು. ಪಿ.ಜಿ. ಬಿಲ್ಡಿಂಗು! ಎಷ್ಟು ಹೇಳಿದಾನೆ?"

"ಆರು ಕೋಟಿ ಅರವತ್ತು."

"43 ರೂಮಿನ ಬಾಡಿಗೆ ಲೆಕ್ಕ ಹಾಕಿ ಸಾರ್! ಇನ್ನೂ ಇದೆಯಾ? ಪಾರ್ಟಿ ಯಾರು? ಏನೇನು ಬರೆದಿದೆ, ಒಂಚೂರು ತೋರಿಸಿ."

ರಾಯರು ಪರದೆಯನ್ನು ಮೇಲೆ ಕೆಳಗೆ ಜಾರಿಸಿದರು. ಆ ಸಾಲು ಹದಿನಾಲ್ಕನೇ ಸೆಲ್‌ನಲ್ಲೇ ಕಸಕ್ಕೆ ಹೋಗಿತ್ತು. ಮತ್ತೆ ತರಬೇಕಾದರೆ ಎಲ್ಲವನ್ನೂ ಮೊದಲಿನಿಂದ ಓಡಿಸಬೇಕು. ಮೂರೋ ಹನ್ನೊಂದೋ ಅಂತ ಅವರು ಬೆರಳು ಮಡಚಿ ಎಣಿಸುತ್ತಿದ್ದರೆ, ಬ್ರೋಕರ್ ರಾಯರ ತಂದೆಯನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳುತ್ತಿದ್ದ: "ಹುಡುಗ ಎಲ್ಲಿ ಸಾರ್ ಕೆಲಸ? ಇಂಥವು ಇನ್ನೂ ಎಷ್ಟು ಡಿಲೀಟ್ ಮಾಡಿದಾನೆ?"