ವಾರಾಂತ್ಯ ನದೀತೀರ ಮೀಮಾಂಸೆ: ಕಮ್ಮನಹಳ್ಳಿ ಪಾಠ

ಯಾವುದೇ ಶಾಸ್ತ್ರಗ್ರಂಥದ ಮೊದಲಿಗೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನೂ ಹೇಳಿಬಿಡಬೇಕೆಂಬುದು ಪೂರ್ವಾಚಾರ್ಯರ ಕಟ್ಟಳೆ. ಅದರಂತೆ, ಈ ಶಾಸ್ತ್ರದ ವಿಷಯ: ಬೆಂಗಳೂರಿನ ಕಮ್ಮನಹಳ್ಳಿಯ ನಿವಾಸಿಗಳು ಶನಿವಾರ ಭಾನುವಾರ ಕಾರು ಹತ್ತಿ ನದೀತೀರದ ಪೇಟೆಗಳಿಗೆ ಹೋಗಿ, ಮನೆಯ ಕೆಳಗೇ ಸಿಗುವ ಸೊಪ್ಪನ್ನು ಅಲ್ಲಿಂದ ಕೊಂಡು ತರುವುದು. ಪ್ರಯೋಜನ: ಸೊಪ್ಪು. ಸಂಬಂಧ: ಸೊಪ್ಪಿನ ಬೆಲೆಗೂ ಪೆಟ್ರೋಲಿನ ಬೆಲೆಗೂ ಇರುವಂಥದ್ದು, ಇದನ್ನು ಮನೆಯಲ್ಲಿ ಯಾರೂ ಗಟ್ಟಿಯಾಗಿ ಚರ್ಚಿಸುವುದಿಲ್ಲ. ಅಧಿಕಾರಿ: ಸೋಮವಾರ ಆಫೀಸಿನಲ್ಲಿ ‘ವೀಕೆಂಡ್ ಏನ್ ಮಾಡಿದ್ರಿ?’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದ ಯಾವನೇ ಆಗಲಿ, ಯಾವಳೇ ಆಗಲಿ.

ಇನ್ನು ಲಕ್ಷಣ. ‘ಶುಕ್ರವಾರ ಸಂಜೆಯ ಅನಂತರ ಹೊರಟು ಸೋಮವಾರ ಬೆಳಗಿನ ಮೀಟಿಂಗಿಗೆ ಮುನ್ನ ಮುಗಿಯತಕ್ಕ, ಹರಿವ ನೀರಿನ ದಡದ ಊರೊಂದರಲ್ಲಿ ಚೌಕಾಸಿಸಹಿತವಾಗಿ ನಡೆಯತಕ್ಕ ಸಂಚಾರವೇ ನದೀತೀರ ವಾರಾಂತ್ಯ.’ ಈ ಲಕ್ಷಣಕ್ಕೆ ಅತಿವ್ಯಾಪ್ತಿ ದೋಷ ತಗಲುತ್ತದೆಂದು ಕೆಲವರ ಆಕ್ಷೇಪ. ಏಕೆಂದರೆ ಕಮ್ಮನಹಳ್ಳಿಯ ಮಲಯಾಳಿಗಳು ಶುಕ್ರವಾರ ರಾತ್ರಿ ಬಸ್ಸು ಹತ್ತಿ, ಪೆರಿಯಾರ್ ದಡದ ಆಲುವಾದಲ್ಲಿ ಇಳಿದು, ಮೀನಿಗೆ ಚೌಕಾಸಿ ಮಾಡಿ, ಸೋಮವಾರ ಬೆಳಗ್ಗೆ ಕೆಂಪುಗಣ್ಣಿನಲ್ಲಿ ವಾಪಸಾಗುತ್ತಾರೆ. ಲಕ್ಷಣವೆಲ್ಲ ಸರಿಯಾಗಿ ಕೂಡಿಬರುತ್ತದೆ. ಆದರೆ ಅದು ಪ್ರವಾಸವಲ್ಲ, ಅಮ್ಮನನ್ನು ನೋಡಿ ಬರುವುದು. ಆದ್ದರಿಂದ ‘ಆ ಊರಿನಲ್ಲಿ ಯಾರೂ ನಮಗಾಗಿ ಊಟಕ್ಕೆ ಕಾಯುತ್ತಿರಬಾರದು’ ಎಂಬ ವಿಶೇಷಣವನ್ನು ಸೇರಿಸಿದರೆ ದೋಷಪರಿಹಾರ.

ಈಗ ಪೂರ್ವಪಕ್ಷಿ ಏಳುತ್ತಾನೆ. ‘ಬೆಂಗಳೂರಿನವರಿಗೆ ನದಿಯ ಮಾತೇಕೆ? ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕೂತ ಊರಿದು. ಬಿದ್ದ ಮಳೆ ಒಂದು ಕಡೆ ವೃಷಭಾವತಿ, ಅರ್ಕಾವತಿಗಳನ್ನು ಹಿಡಿದು ಕಾವೇರಿಗೂ, ಇನ್ನೊಂದು ಕಡೆ ಹೆಬ್ಬಾಳದ ಕಣಿವೆ, ಕೋರಮಂಗಲ-ಚಲ್ಲಘಟ್ಟದ ಕಣಿವೆಗಳನ್ನು ಹಿಡಿದು ದಕ್ಷಿಣ ಪಿನಾಕಿನಿಗೂ ಇಳಿದುಹೋಗುತ್ತದೆ. ನದಿಯೇ ಇಲ್ಲದವರಿಗೆ ತೀರವೆಲ್ಲಿಯದು?’ ಸಮಾಧಾನ: ಇಲ್ಲವೆಂದೇ ಹೋಗುವುದು. ಇದ್ದಿದ್ದರೆ ಅದರ ಮಗ್ಗುಲಿಗೆ ಅಪಾರ್ಟ್‌ಮೆಂಟು ಕಟ್ಟಿ, ‘ರಿವರ್ ವ್ಯೂ’ ಎಂದು ಬೋರ್ಡು ಹಾಕಿ, ಬಾಲ್ಕನಿಗೆ ಅಡ್ಡ ಬರುತ್ತದೆಂದು ನದಿಯನ್ನೇ ಮುಚ್ಚುತ್ತಿದ್ದೆವು. ಕೆರೆಗಳ ವಿಷಯದಲ್ಲಿ ಈ ಪ್ರಯೋಗ ಈಗಾಗಲೇ ನಡೆದು, ಫಲಿತಾಂಶ ಎಲ್ಲರ ಕಣ್ಣೆದುರಿಗಿದೆ.

ಏಷ್ಯಾ ಖಂಡದ ಇತರ ಪಾಠಗಳನ್ನೂ ನೋಡಬೇಕು. ಥಾಯ್ಲೆಂಡಿನ ಅಂಫಾವಾದಲ್ಲಿ ಶುಕ್ರವಾರದಿಂದ ಭಾನುವಾರದವರೆಗೆ ಮಾತ್ರ ಸಂಜೆಯ ಸಂತೆ, ದೋಣಿಯಲ್ಲೇ ಒಲೆ, ಒಲೆಯ ಮೇಲೆ ಸೀಗಡಿ. ಅದೇ ದೇಶದ ದಮ್ನೋನ್ ಸದುವಾಕ್ ಎಂಬಲ್ಲಿ 1860ರ ದಶಕದಲ್ಲಿ ನಾಲ್ಕನೆಯ ರಾಮ ಎಂಬ ಅರಸು ಕಾಲುವೆ ತೋಡಿಸಿದ. ಈಗ ಆ ಕಾಲುವೆಯಲ್ಲಿ ತರಕಾರಿಗಿಂತ ಫೋಟೋ ಹೆಚ್ಚು ಬಿಕರಿಯಾಗುತ್ತದೆ. ವಿಯೆಟ್ನಾಮಿನ ಕಾಯ್ ರಾಂಗ್‌ನಲ್ಲಿ ದೋಣಿಯವರು ತಾವು ಮಾರುವ ಪದಾರ್ಥವನ್ನು ಉದ್ದನೆಯ ಗಳುವಿಗೆ ಕಟ್ಟಿ ಮೇಲೆತ್ತಿ ತೋರಿಸುತ್ತಾರೆ, ಕೂಗುವ ಶ್ರಮವೇ ಇಲ್ಲ. ನಮ್ಮ ತಳ್ಳುಗಾಡಿಯವರು ಈ ವಿದ್ಯೆಯನ್ನು ಕಲಿತು, ರೆಕಾರ್ಡ್ ಮಾಡಿದ ‘ಈರುಳ್ಳೀ, ಟಮೋಟಾ’ ಸ್ಪೀಕರನ್ನು ಆರಿಸಿದರೆ ಕಮ್ಮನಹಳ್ಳಿಯ ಮಧ್ಯಾಹ್ನದ ನಿದ್ದೆಗೆ ದೊಡ್ಡ ಉಪಕಾರ. ಭಾರತೀಯರಿಗೆ ವೀಸಾ ಬೇಡವೆಂದು ಥಾಯ್ಲೆಂಡ್ 2023ರ ನವೆಂಬರಿನಲ್ಲಿ ಬಾಗಿಲು ತೆರೆದ ಮೇಲೆ ಈ ಪಾಠವನ್ನು ಮೂಲದಲ್ಲೇ ಓದಿ ಬಂದವರು ಕಮ್ಮನಹಳ್ಳಿಯ ನೆಹರೂ ರಸ್ತೆಯಲ್ಲಿ ಬೇಕಾದಷ್ಟು ಸಿಗುತ್ತಾರೆ. ಅವರ ಕೈಯಲ್ಲಿ ಆನೆ ಚಿತ್ರದ ಪ್ಯಾಂಟು ಇರುತ್ತದೆ, ಸೊಪ್ಪು ಇರುವುದಿಲ್ಲ. ಆದ್ದರಿಂದ ಅವರು ನಮ್ಮ ಶಾಸ್ತ್ರಕ್ಕೆ ಹೊರಗು.

ದೇಶೀ ಪಾಠದಲ್ಲಿ ಎರಡು ಪಂಥಗಳಿವೆ. ಮೊದಲನೆಯದು ಕಾವೇರೀ ಪಂಥ. ಇವರ ಕ್ಷೇತ್ರ ಶ್ರೀರಂಗಪಟ್ಟಣ. 2023ರ ಮಾರ್ಚ್‌ನಲ್ಲಿ ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಇವರ ಸಂಖ್ಯೆ ಬೆಳೆಯಿತು. ಅದೇ ವರ್ಷದ ಆಗಸ್ಟಿನಲ್ಲಿ ದ್ವಿಚಕ್ರಗಳಿಗೆ ಅಲ್ಲಿ ಪ್ರವೇಶ ನಿಷೇಧವಾದ ಮೇಲೆ ಬೈಕಿನವರು ಸರ್ವಿಸ್ ರಸ್ತೆಯ ಉಪಪಂಥವಾದರು. ಈ ಪಂಥದ ವಿಧಿಗಳಲ್ಲಿ ಮುಖ್ಯವಾದದ್ದು ಏನೆಂದರೆ, ಕಮ್ಮನಹಳ್ಳಿಯಿಂದ ನಗರವನ್ನು ಅಡ್ಡಹಾಯ್ದು ಕೆಂಗೇರಿ ಮುಟ್ಟುವುದು. ಕೆಂಗೇರಿಯಿಂದ ಶ್ರೀರಂಗಪಟ್ಟಣಕ್ಕೆ ಹಿಡಿಯುವ ಹೊತ್ತೂ ಕಮ್ಮನಹಳ್ಳಿಯಿಂದ ಕೆಂಗೇರಿಗೆ ಹಿಡಿಯುವ ಹೊತ್ತೂ ಒಂದೇ ಎಂಬಲ್ಲಿ ಪಂಡಿತರಲ್ಲಿ ಭಿನ್ನಾಭಿಪ್ರಾಯವಿಲ್ಲ. ದಾರಿಯ ರಾಮನಗರ ಅರ್ಕಾವತಿಯ ದಂಡೆಯದು, ಅಲ್ಲಿನ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದು. ನದಿಯೂ ಇದೆ, ಮಾರುಕಟ್ಟೆಯೂ ಇದೆ, ಲಕ್ಷಣ ಶುದ್ಧವಾಗಿದೆ. ಆದರೂ ಒಳಹೊಕ್ಕ ಪ್ರವಾಸಿ ಐದು ನಿಮಿಷದಲ್ಲಿ ಮೂಗು ಮುಚ್ಚಿಕೊಂಡು ಹೊರಬರುತ್ತಾನೆ. ಹರಾಜಿನಲ್ಲಿ ಅರ್ಧ ಕೆಜಿ ಗೂಡು ಕೊಡುವುದಿಲ್ಲ, ಕೊಟ್ಟರೂ ಸಾರಿಗೆ ಬರುವುದಿಲ್ಲ. ಶಿಂಷಾ ದಡದ ಮದ್ದೂರಿನಲ್ಲಿ ವಡೆ ತಿಂದವರ ಪೈಕಿ ಶಿಂಷೆಯನ್ನು ಕಂಡವರು ವಿರಳ.

ಎರಡನೆಯದು ಪಿನಾಕಿನೀ ಪಂಥ. ಪ್ರಸ್ತುತ ಗ್ರಂಥಕರ್ತ ಈ ಪಂಥದವನಾದ್ದರಿಂದ ವಿಸ್ತಾರಕ್ಕೆ ಕ್ಷಮೆಯಿರಲಿ. ದಕ್ಷಿಣ ಪಿನಾಕಿನಿ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಹೊಸಕೋಟೆಯ ಕಡೆಯಿಂದ ಇಳಿದು, ಹೊಸೂರಿನ ಕೆಲವರಪಳ್ಳಿ ಅಣೆಕಟ್ಟನ್ನು ತುಂಬಿ, ತಮಿಳುನಾಡನ್ನು ದಾಟಿ ಕಡಲೂರಿನ ಬಳಿ ಬಂಗಾಳ ಕೊಲ್ಲಿ ಸೇರುತ್ತದೆ. ಹೀಗಾಗಿ ಹೊಸಕೋಟೆ ನಿರ್ವಿವಾದವಾಗಿ ನದೀತೀರದ ಪಟ್ಟಣ. ಟಿನ್ ಫ್ಯಾಕ್ಟರಿ ದಾಟಿ, ಕೆ.ಆರ್. ಪುರದ ತೂಗುಸೇತುವೆ ಏರಿಳಿದು, ಹಳೇ ಮದ್ರಾಸು ರಸ್ತೆಯಲ್ಲಿ ಎಲೆ ಮಲ್ಲಪ್ಪ ಶೆಟ್ಟಿ ಕೆರೆಯ ಪಕ್ಕ ಹಾದರೆ ಊರು ಬಂತು. ಭಾನುವಾರ ಬೆಳಗಿನ ಜಾವ ನಾಲ್ಕಕ್ಕೆ ಅಲ್ಲಿ ನೂರಾರು ಜನ ಸಾಲುಗಟ್ಟಿ ನಿಂತಿರುತ್ತಾರೆ. ಹೊರಗಿನ ವಿದ್ವಾಂಸ ಇದನ್ನು ಪುಣ್ಯಸ್ನಾನದ ಸರದಿ ಎಂದು ಬರೆದುಕೊಂಡರೆ ಆಶ್ಚರ್ಯವಿಲ್ಲ. ಬ್ರಾಹ್ಮೀ ಮುಹೂರ್ತ, ಚಳಿ, ಮೌನ, ಎಲ್ಲರ ಮುಖದಲ್ಲೂ ಭಕ್ತಿ. ಆದರೆ ಅದು ಸೌದೆ ಒಲೆಯ ಮೇಲಿನ ದಮ್ ಬಿರಿಯಾನಿಯ ಸರದಿ. ಅಲ್ಲಿ ನಿಂತವರನ್ನು ‘ನದಿ ಎಲ್ಲಿದೆ?’ ಎಂದು ಕೇಳಿದರೆ ‘ಅದು ಗೊತ್ತಿಲ್ಲ ಬ್ರೋ, ಲೆಗ್ ಪೀಸ್ ಖಾಲಿಯಾಯ್ತಂತೆ’ ಎಂಬ ಉತ್ತರ ಬರುತ್ತದೆ.

ನಾಲ್ಕಕ್ಕೆ ಏಳಲಾರದವರು, ಎಂದರೆ ಸಂಸಾರಸ್ಥರು, ಒಂಬತ್ತರ ಹೊತ್ತಿಗೆ ಬರುತ್ತಾರೆ. ಇವರ ಕ್ಷೇತ್ರಕಾರ್ಯ ಸೊಪ್ಪಿನ ಗುಡ್ಡೆಯ ಮುಂದೆ. ‘ಫಾರ್ಮ್ ಫ್ರೆಶ್’ ಎಂದು ಗಂಡ ಹೇಳುತ್ತಾನೆ. ‘ಬೇರಲ್ಲಿ ಮಣ್ಣಿದೆ ನೋಡ್ರೀ’ ಎಂದು ಹೆಂಡತಿ ಪ್ರಮಾಣ ಕೊಡುತ್ತಾಳೆ. ಸಬ್ಬಸಿಗೆ, ದಂಟು, ಮೆಂತ್ಯ ಎಲ್ಲವೂ ಚೀಲಕ್ಕೆ ಬೀಳುತ್ತವೆ. ಆಗ ನಡೆದ ಸಂವಾದವೊಂದನ್ನು ಪಾಠಭೇದವಿಲ್ಲದೆ ಇಲ್ಲಿ ಕೊಟ್ಟಿದೆ.

‘ಎಲ್ಲಿಂದ ಬಂದ್ರಿ ಸಾರ್?’

‘ಕಮ್ಮನಹಳ್ಳಿ ಅಮ್ಮ.’

‘ಕಮ್ಮನಳ್ಳಿನಾ? ನಮ್ ಯಜಮಾನ್ರು ದಿನಾ ಸೊಪ್ಪು ಹಾಕ್ಕೊಂಡು ಅಲ್ಲಿಗೇ ಬರ್ತಾರಲ್ಲ. ನೀವ್ಯಾಕೆ ಇಷ್ಟ್ ದೂರ ಬರಕ್ಕೋದ್ರಿ?’

ಈ ಪ್ರಶ್ನೆಗೆ ಶಾಸ್ತ್ರದಲ್ಲಿ ಉತ್ತರವಿಲ್ಲ. ಗಂಡ ಹೆಂಡತಿಯ ಮುಖ ನೋಡಿದ, ಹೆಂಡತಿ ಇನ್ನೊಂದು ಕಟ್ಟು ಕೊತ್ತಂಬರಿ ತೆಗೆದುಕೊಂಡಳು.

ಇಷ್ಟರಿಂದ ಸೊಪ್ಪಿನ ಯಾತ್ರೆ ತಿಳಿಯಿತು. ನೀರಿನ ಯಾತ್ರೆ ಇದಕ್ಕಿಂತ ಗಹನವಾದದ್ದು, ಸಿದ್ಧಾಂತ ಇರುವುದೂ ಅಲ್ಲೇ. ಕಾವೇರಿ ಮೊದಲು ಬೆಂಗಳೂರಿಗೆ ಬಂದದ್ದು 1974ರಲ್ಲಿ. ಸುಮಾರು ನೂರು ಕಿಲೋಮೀಟರ್ ಆಚೆಯ ತೊರೆಕಾಡನಹಳ್ಳಿಯಿಂದ ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪು ಮಾಡಿ ಏರಿಸುತ್ತಾರೆ. 2024ರ ಅಕ್ಟೋಬರಿನಲ್ಲಿ ಐದನೆಯ ಹಂತವೂ ಸೇರಿ, ದಿನಕ್ಕೆ ಇನ್ನೂ 775 ದಶಲಕ್ಷ ಲೀಟರ್ ಏರಿಸುವ ಏರ್ಪಾಡಾಯಿತು. ಅಂದರೆ ನಮ್ಮವರು ಕಾವೇರಿಯನ್ನು ನೋಡಲು ಎಕ್ಸ್‌ಪ್ರೆಸ್‌ವೇಯಲ್ಲಿ ಟೋಲ್ ಕಟ್ಟಿ ಇಳಿಯುತ್ತಿರುವಾಗ, ಕಾವೇರಿ ನಮ್ಮವರನ್ನು ನೋಡಲು ಪೈಪಿನಲ್ಲಿ ಹತ್ತುತ್ತಿರುತ್ತಾಳೆ. ಇಬ್ಬರೂ ದಾರಿಯಲ್ಲಿ ಒಬ್ಬರನ್ನೊಬ್ಬರು ಗುರುತು ಹಿಡಿಯುವುದಿಲ್ಲ.

ಹತ್ತಿದ ಕಾವೇರಿ ಕಮ್ಮನಹಳ್ಳಿಯ ಸಂಪಿಗೆ ಬಿದ್ದು, ಓವರ್‌ಹೆಡ್ ಟ್ಯಾಂಕಿಗೆ ಏರಿ, ಬಚ್ಚಲಿಗೆ ಇಳಿದು, ಅಲ್ಲಿಂದ ಹೆಬ್ಬಾಳ-ನಾಗವಾರ ಕಣಿವೆಯ ಪಾಲಾಗುತ್ತಾಳೆ. ಈ ಕಣಿವೆಯ ಹರಿವು ಕಲ್ಕೆರೆ, ರಾಂಪುರ, ಎಲೆ ಮಲ್ಲಪ್ಪ ಶೆಟ್ಟಿ ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿಗೆ ಕೂಡುತ್ತದೆ. ಪಶ್ಚಿಮಘಟ್ಟದಲ್ಲಿ ಹುಟ್ಟಿದ ನದಿಯನ್ನು ನಂದಿಬೆಟ್ಟದ ನದಿಗೆ ತಂದು ಕೂಡಿಸಿದ ಭಗೀರಥರು ಕಮ್ಮನಹಳ್ಳಿಯಂಥ ಬಡಾವಣೆಗಳ ಬಾಡಿಗೆದಾರರೇ ಹೊರತು ಬೇರೆ ಯಾರೂ ಅಲ್ಲ. ತಿರುಮಕೂಡಲಿನಲ್ಲಿ ಕಾವೇರಿ-ಕಪಿಲೆಯರ ಸಂಗಮಕ್ಕೆ ಮೂರು ವರ್ಷಕ್ಕೊಮ್ಮೆ ಕುಂಭಮೇಳ ಮಾಡುತ್ತಾರೆ. ಈ ಸಂಗಮಕ್ಕೆ ಒಂದು ಬೋರ್ಡೂ ಇಲ್ಲ.

ಇದೇ ಕಣಿವೆಯ ಇನ್ನೊಂದು ಪಾಲು ಕೊಳಚೆನೀರು ಶುದ್ಧೀಕರಣ ಘಟಕಗಳನ್ನು ಹೊಕ್ಕು ಹೊರಟು, ಎಚ್.ಎನ್. ವ್ಯಾಲಿ ಯೋಜನೆಯ ಪೈಪುಗಳಲ್ಲಿ ಚಿಕ್ಕಬಳ್ಳಾಪುರದ ಕಡೆಗೆ ಹೋಗುತ್ತದೆ. ಯೋಜನೆಯ ಲೆಕ್ಕದಲ್ಲಿ ದಿನಕ್ಕೆ 210 ದಶಲಕ್ಷ ಲೀಟರ್, 65 ಕೆರೆಗಳು. ಎರಡನೇ ಹಂತದವರೆಗೆ ಮಾತ್ರ ಶುದ್ಧಿಮಾಡಿದ ನೀರು ಇದು. ಮೂರನೇ ಹಂತವೂ ಆಗಲಿ ಎಂದು ಆ ಸೀಮೆಯ ರೈತರು ಕೇಳುತ್ತಲೇ ಇದ್ದಾರೆ, ಅದರಲ್ಲಿ ತಮಾಷೆ ಏನೂ ಇಲ್ಲ. ನೇರವಾಗಿ ಗದ್ದೆಗೆ ಬಿಡಬಾರದು, ಕೆರೆಯಲ್ಲಿ ನಿಂತು ಅಂತರ್ಜಲಕ್ಕೆ ಇಳಿಯಲಿ ಎಂಬುದು ಉದ್ದೇಶ. ಇಳಿದದ್ದು ಬೋರ್‌ವೆಲ್ಲಿನಲ್ಲಿ ಮೇಲೆ ಬರುತ್ತದೆ, ಬೋರ್‌ವೆಲ್ಲಿನದು ಸಬ್ಬಸಿಗೆಯಲ್ಲಿ ಸೇರುತ್ತದೆ, ಸಬ್ಬಸಿಗೆ ಗಂಡ-ಹೆಂಡತಿಯ ಚೀಲ ಸೇರಿ ಕಮ್ಮನಹಳ್ಳಿಗೆ ಹಿಂತಿರುಗುತ್ತದೆ. ಪ್ರಕೃತಿಯ ಮಡಿಲನ್ನು ಅರಸಿ ಹೋದವನಿಗೆ ಅಲ್ಲಿ ಸಿಗುವುದು ಅವನದೇ ಹಿಂದಿನ ಜನ್ಮದ ಬಚ್ಚಲು. ಕರ್ಮಸಿದ್ಧಾಂತಕ್ಕೆ ಇಷ್ಟು ಪ್ರತ್ಯಕ್ಷ ಪ್ರಮಾಣವನ್ನು ಯಾವ ದರ್ಶನಕಾರನೂ ಕೊಟ್ಟಿರಲಿಲ್ಲ.

ಕಡೆಯದಾಗಿ ಒಂದು ಶಂಕೆ: ಇಷ್ಟೆಲ್ಲ ಇದ್ದಮೇಲೆ ಕಮ್ಮನಹಳ್ಳಿಯನ್ನೇ ನದೀತೀರದ ಪೇಟೆ ಎನ್ನಬಹುದಲ್ಲ? ಎನ್ನಬಹುದು, ಋತುಭೇದದಿಂದ. ನೆಹರೂ ರಸ್ತೆಯ ಸಂಜೆಯಲ್ಲಿ ಶವರ್ಮಾ, ಮೋಮೊ, ಕಪ್ಪೆ-ಮೀನು ಎಂದು ಬರೆದ ಮಲಯಾಳಿ ಮೆಸ್ಸು, ಆಫ್ರಿಕದ ವಿದ್ಯಾರ್ಥಿಗಳು ಬಾಳೆಕಾಯಿ ಆರಿಸುವ ತರಕಾರಿ ಅಂಗಡಿ, ಎಲ್ಲವೂ ಉಂಟು. ಅಂಫಾವಾದಲ್ಲಿ ಇದರ ಅರ್ಧವೂ ಇಲ್ಲ. ಇಲ್ಲಿನ ‘ಕಪ್ಪೆ’ ಮರಗೆಣಸೆಂಬುದನ್ನು ತಿಳಿಯದೆ ಓಡಿಹೋದ ಕನ್ನಡಿಗರ ವಿಚಾರ ಬೇರೆ ಗ್ರಂಥದ್ದು. ನೀರು ಮಾತ್ರ ಮಳೆಗಾಲವನ್ನು ಕಾಯಬೇಕು. ಪಕ್ಕದ ಹೊರಮಾವಿನ ಸಾಯಿ ಬಡಾವಣೆಯಲ್ಲಿ 2025ರ ಮೇ ತಿಂಗಳ ಮಳೆಗೆ ರಕ್ಷಣಾ ಪಡೆಯವರು ದೋಣಿಯಲ್ಲಿ ಜನರನ್ನು ದಾಟಿಸಿದರು. ದೋಣಿ ಬಂದ ಬಡಾವಣೆಯಲ್ಲಿ ಆ ದಿನ ಯಾರೂ ಅದನ್ನು ಪ್ರವಾಸ ಎನ್ನಲಿಲ್ಲ. ಆದ್ದರಿಂದ ನಮ್ಮ ಲಕ್ಷಣಕ್ಕೆ ಇನ್ನೂ ಒಂದು ವಿಶೇಷಣ: ‘ನೀರು ನಮ್ಮ ಮನೆಯೊಳಗೆ ಇರಬಾರದು.’

ಲಕ್ಷಣ ಈಗ ನಿರ್ದುಷ್ಟವಾಯಿತು. ಅಧಿಕಾರಿಗಳಾದ ಓದುಗರಲ್ಲಿ ಒಂದೇ ಬಿನ್ನಹ. ಈ ಭಾನುವಾರ ಹೊಸಕೋಟೆಗೆ ಹೋಗುವುದಿದ್ದರೆ ಶನಿವಾರ ರಾತ್ರಿ ವಾಷಿಂಗ್ ಮೆಷಿನ್ನಿಗೆ ಸೋಪಿನ ಪುಡಿಯನ್ನು ಒಂದು ಚಮಚ ಕಡಿಮೆ ಹಾಕಿ. ಆ ನೀರು ನಿಮಗಿಂತ ಮೊದಲೇ ಹೊರಡುತ್ತದೆ, ಅದಕ್ಕೆ ಟ್ರಾಫಿಕ್ಕೂ ಇಲ್ಲ. ಕೆಲವರಪಳ್ಳಿಯಲ್ಲಿ ನೊರೆ ಎದ್ದಾಗ ಹೊಸೂರಿನವರು ಬಾಯ್ತುಂಬ ಬೈಯುವುದು ನಮ್ಮನ್ನೇ.