ಭಾವನ ಮನೆಗೆ ಪಾಸು

ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಏರುವ ದಾರಿ. ಒಂದು ಗೇಟು. ಒಬ್ಬ ಕಾವಲುಗಾರ, ಒಬ್ಬ ಸೋಲಿಗರ ಅಜ್ಜ.

“ಎಲ್ಲಿಗೆ?”

“ದೊಡ್ಡ ಸಂಪಿಗೆ ಮರಕ್ಕೆ ಬುದ್ದಿ, ಪೂಜೆಗೆ.”

“ಪಾಸು?”

“ಮರ ಯಾವತ್ತೂ ಕೇಳಿಲ್ಲ.”

“1974ರಿಂದ ವನ್ಯಧಾಮ, 2011ರಿಂದ ಹುಲಿ ಮೀಸಲು. ಹೊರಗಿನವರಿಗೆ ಪ್ರವೇಶವಿಲ್ಲ.”

“ಹೊರಗಿನವ್ರು ಯಾರು?”

“ನೀನೇ.”

“ಬೆಟ್ಟದ ರಂಗನಾಥ ನಮ್ ಭಾವ ಕಣಪ್ಪ! ನಮ್ ಸೋಲಿಗರ ಹುಡುಗಿ ಕುಸುಮಾಲೆನ ಕಟ್ಕೊಂಡವ್ನೆ.”

“ಮದುವೆ ಸರ್ಟಿಫಿಕೇಟು?”

“ಅದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆದು ಹಕ್ಕುಪತ್ರ ಅದೆ.”

“ಅದು ಕಾಡಿನ ಹಕ್ಕು. ಇದು ಗೇಟು.”

(ಕಾಫಿ ತೋಟದ ಕಂಪನಿ ಜೀಪು. ಸೆಲ್ಯೂಟಿಗೆ ಮೊದಲೇ ಗೇಟು ಮೇಲೇಳುತ್ತದೆ, ಗೇಟಿಗೂ ಸಂಸ್ಕಾರವುಂಟು.)

“ಅವ್ರು ಒಳಗಿನವ್ರಾ?”

“ತೋಟ ಒಳಗಿದೆಯಲ್ಲ!”

“ನಮ್ ಊರು, ನಮ್ ಪೋಡೂ ಒಳಗೇ ಇತ್ತು.”

“ಒಳಗಿದ್ದವರನ್ನಲ್ಲವೆ ಹೊರಗೆ ಹಾಕೋದು? ಸಫಾರಿ ಟಿಕೆಟ್ ತಗೋ. ಅದೃಷ್ಟವಿದ್ದರೆ ಹುಲಿ ಕಾಣುತ್ತೆ, ಕಾಫಿ ಗಿಡವಂತೂ ಗ್ಯಾರಂಟಿ.”