ಮೂರು ಪಾಲಿನ ಬಂದೂಕು

ರಾಕ್ಷಸನ ಜೀವ ರಾಕ್ಷಸನ ಮೈಯಲ್ಲಿರುವುದಿಲ್ಲ ಎಂಬುದು ಅಜ್ಜಿಯ ಕತೆ ಕೇಳಿ ಬೆಳೆದವರಿಗೆಲ್ಲ ಗೊತ್ತು. ಏಳು ಸಮುದ್ರದಾಚೆ ಒಂದು ಮರ, ಮರದ ಪೊಟರೆಯಲ್ಲೊಂದು ಗಿಳಿ, ಗಿಳಿಯ ಕತ್ತು ಹಿಚುಕಿದರೆ ಇಲ್ಲಿ ರಾಕ್ಷಸ ದೊಪ್ಪನೆ ಬೀಳಬೇಕು. ಆದರೆ ಬಂದೂಕಿನ ಜೀವ ಎಲ್ಲಿರುತ್ತದೆ ಎಂಬ ಪ್ರಶ್ನೆ ಬಿಳಿಚೋಡಿನಲ್ಲಿ ಇಷ್ಟು ಕಾಲ ಇದ್ದರೂ ನನಗೆ ಹೊಳೆದಿರಲಿಲ್ಲ. ಅದನ್ನು ತಲೆಗೆ ತುಂಬಿದವನು ಡಲ್ಲಾಸಿನಲ್ಲಿರುವ ನನ್ನ ತಂಗಿಯ ಮಗ.

ಅವನಿಗೆ ಸಣ್ಣವನಿದ್ದಾಗಿನಿಂದಲೂ ಬಿಚ್ಚುವ ಚಟ. ಗೋಡೆ ಗಡಿಯಾರ, ಪಂಪ್‌ಸೆಟ್ಟಿನ ಸ್ಟಾರ್ಟರು, ಔಷಧಿ ಹೊಡೆಯುವ ಸ್ಪ್ರೇಯರು, ಯಾವುದನ್ನೂ ಬಿಟ್ಟವನಲ್ಲ. ಬಿಚ್ಚಿದ್ದನ್ನು ಜೋಡಿಸುತ್ತಲೂ ಇದ್ದ. ಕೊನೆಗೆ ಒಂದು ಸ್ಕ್ರೂ ಮಿಗುತ್ತಿತ್ತು. ಕೇಳಿದರೆ "ಅದು ಎಕ್ಸ್‌ಟ್ರಾ ಮಾವ, ಕಂಪನಿಯೋರು ಸುಮ್ನೆ ಹಾಕಿರ್ತಾರೆ" ಎನ್ನುವನು. ಆ ಎಕ್ಸ್‌ಟ್ರಾ ಇಲ್ಲದೆಯೂ ಗಡಿಯಾರ ಓಡಿತು, ಸ್ವಲ್ಪ ಅವಸರದಲ್ಲಿ. ಹೀಗಾಗಿ ನಮ್ಮ ಮನೆಯವರು ದಾವಣಗೆರೆ ಬಸ್ಸನ್ನು ಒಂದು ದಿನವೂ ತಪ್ಪಿಸಿಕೊಳ್ಳಲಿಲ್ಲ.

ಮೊನ್ನೆ ವಿಡಿಯೊ ಕರೆಯಲ್ಲಿ ಅವನು ಹೇಳಿದ ಸುದ್ದಿ: ಅವನ ಆಫೀಸಿನ ಗೆಳೆಯನೊಬ್ಬ ರಜೆ ದಿನ ಕಾರಿನ ಶೆಡ್ಡಿನಲ್ಲಿ ಕೂತು ರೈಫಲ್ಲಿನ ಕೆಳಭಾಗ ಜೋಡಿಸುತ್ತಾನಂತೆ. ಇವನ ಕೆಲಸ ಟಾರ್ಚ್ ಹಿಡಿಯುವುದು, ಸೊಳ್ಳೆಯಷ್ಟು ಸ್ಪ್ರಿಂಗು ಟಣ್ಣನೆ ಹಾರಿ ಹೋದರೆ ಬೀರುವಿನಡಿ ತೂರಿ ಹುಡುಕುವುದು. "ನೀನೂ ಒಂದು ಮಾಡ್ಕೊಂಡ್ಯಾ?" ಎಂದೆ, ಎದೆ ಸ್ವಲ್ಪ ಹೊಡೆದುಕೊಂಡಿತ್ತು. ಇಲ್ಲವಂತೆ. ವೀಸಾದ ಮೇಲಿರುವವರು ಬಂದೂಕು ಇಟ್ಟುಕೊಳ್ಳಲು ಸಾಮಾನ್ಯವಾಗಿ ಆ ದೇಶದಲ್ಲೂ ಬಿಡುವುದಿಲ್ಲ. ತಂಗಿಗೆ ಈ ಕೊನೆಯ ವಾಕ್ಯವನ್ನಷ್ಟೇ ದಾಟಿಸಿದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಅಮೆರಿಕದ 1968ರ ಕಾಯ್ದೆಯ ಲೆಕ್ಕದಲ್ಲಿ ಆ ಜಾತಿಯ ರೈಫಲ್ಲಿಗೆ ಆ ಕೆಳಭಾಗವೇ ಬಂದೂಕು. ನಂಬರು ಕೊರೆಯುವುದು ಅದರ ಮೇಲೆ. ಅಂಗಡಿಯವನು ಕಾಗದ ತುಂಬಿಸಿಕೊಂಡು ಹಿನ್ನೆಲೆ ವಿಚಾರಿಸುವುದು ಅದಕ್ಕೆ. ನಳಿಗೆ, ಹಿಡಿ ಮುಂತಾದವೆಲ್ಲ ಬರೀ ಸಾಮಾನು, ಬಹುಮಟ್ಟಿಗೆ ಅಂಚೆಯಲ್ಲೇ ಮನೆಗೆ ಬರುತ್ತವೆ. ಗುಂಡು ಹಾರುವ ನಳಿಗೆ ನಿರಪರಾಧಿ, ಗುಂಡನ್ನು ಮುಟ್ಟದ ಪೆಟ್ಟಿಗೆ ಆರೋಪಿ! ಗಿಳಿ ಅಲ್ಲಿದೆಯೆಂದು ಆ ಸರ್ಕಾರ ತೀರ್ಮಾನಿಸಿಬಿಟ್ಟಿದೆ.

ನಮ್ಮ ಸರ್ಕಾರ ಹಾಗೆ ಒಂದೇ ಗಿಳಿಯನ್ನು ನಂಬಿ ಕೂರುವಂಥದ್ದಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಆಯುಧವೆಂದರೆ ಅದರ ಬಿಡಿಭಾಗಗಳೂ ಹೌದು, ಅದನ್ನು ತಯಾರಿಸುವ ಯಂತ್ರವೂ ಹೌದು. ಪರವಾನಗಿಯಿಲ್ಲದೆ ತಯಾರಿಸುವುದಿರಲಿ, ರಿಪೇರಿ ಅಂಗಡಿ ತೆರೆಯುವಂತೆಯೂ ಇಲ್ಲ. 2019ರ ತಿದ್ದುಪಡಿಯ ನಂತರ ಕಳ್ಳತನದಲ್ಲಿ ಬಂದೂಕು ತಯಾರಿಸಿದವನಿಗೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. ಮನೆಯಲ್ಲಿ ಬಂದೂಕು ಜೋಡಿಸಲು ಏನಾದರೂ ಉಪಾಯವಿದೆಯೇ ಎಂದು ನನ್ನನ್ನು ಯಾರಾದರೂ ಕೇಳಿದರೆ, ಗಡಿಯಾರ ಬಿಚ್ಚಿಕೊಂಡು ಕೂರಿ ಎಂದೇನು.

ಇಷ್ಟಾದರೂ ನಮ್ಮ ವಂಶದಲ್ಲಿ ಬಂದೂಕು ಜೋಡಿಸುವ ಪ್ರಸಂಗವೊಂದು ಬಂದದ್ದುಂಟು.

ನಮ್ಮ ದೊಡ್ಡಪ್ಪನ ಹತ್ತಿರ ಬೆಳೆ ರಕ್ಷಣೆಯ ಒಂಟಿ ನಳಿಗೆ ಬಂದೂಕಿತ್ತು, ಹನ್ನೆರಡು ಬೋರಿನದು. ಆ ಹನ್ನೆರಡು ಏನೆಂದು ದೊಡ್ಡಪ್ಪನನ್ನು ಕೇಳಿದರೆ "ಹನ್ನೆರಡು ಹಂದಿ ಒಂದೇ ಏಟಿಗೆ" ಎಂದು ಮೀಸೆ ತಿರುವುತ್ತಿದ್ದ. ಅಸಲು ಲೆಕ್ಕ ಬೇರೆ: ಒಂದು ಪೌಂಡ್ ಸೀಸದಲ್ಲಿ ಒಂದೇ ಗಾತ್ರದ 12 ಗುಂಡು ಮಾಡಿದರೆ ಒಂದೊಂದು ಗುಂಡು ಎಷ್ಟು ದಪ್ಪವೋ ನಳಿಗೆಯ ಬಾಯಿ ಅಷ್ಟು ಅಗಲ. ಹಂದಿಯ ವಿಷಯದಲ್ಲಿ ದೊಡ್ಡಪ್ಪ ಹನ್ನೆರಡಿರಲಿ, ಒಂದನ್ನೂ ಹೊಡೆದದ್ದನ್ನು ಕಂಡವರಿಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬಂದೂಕಿನ ಪರವಾನಗಿ ಇದ್ದ ಮಾತ್ರಕ್ಕೆ ಹಂದಿ ಹೊಡೆಯುವಂತಿಲ್ಲ, ಅದಕ್ಕೆ ಬೇರೆ ಅಪ್ಪಣೆ ಬೇಕು. ನಮ್ಮ ಜಗಳೂರು ತಾಲ್ಲೂಕಿನಲ್ಲಂತೂ ರಂಗಯ್ಯನದುರ್ಗದ ಕಾಡು 2011ರಲ್ಲಿ ಕೊಂಡುಕುರಿಗಳ ಅಭಯಾರಣ್ಯವಾಯಿತು. ನಾಲ್ಕು ಕೊಂಬಿನ ಆ ನಾಚಿಕೆಯ ಪ್ರಾಣಿ ಕಣ್ಣಿಗೆ ಬೀಳುವುದು ಅಪರೂಪ. ಹಂದಿಗೆ ಅಂಥ ಸಂಕೋಚವಿಲ್ಲ. ಮೆಕ್ಕೆಜೋಳ ಹಾಲುಗಾಳಾದ ವಾರವೇ ಸಂಸಾರ ಸಮೇತ ಹಾಜರು. ದೊಡ್ಡಪ್ಪ ಅಟ್ಟಣೆಯ ಮೇಲಿಂದ ಆಕಾಶಕ್ಕೊಂದು ಗುಂಡು ಹಾರಿಸುವನು. ಹಂದಿಗಳು ಪಕ್ಕದವರ ಹೊಲಕ್ಕೆ ಹೋಗಿ ಊಟ ಮುಂದುವರಿಸುವವು.

ಚುನಾವಣೆ ಘೋಷಣೆಯಾದರೆ ಬಂದೂಕು ಠಾಣೆ ಸೇರುವುದು. ಯಾರ ಬಂದೂಕು ಒಳಗಿಡಬೇಕು, ಯಾರದು ಬೇಡ ಎಂದು ನೋಡಲು ಜಿಲ್ಲೆಗೊಂದು ಸಮಿತಿ ಇದೆ ನಿಜ. ಆದರೆ ಹಳ್ಳಿಯವನು ಸಮಿತಿಯ ದಾರಿ ಕಾಯುವುದಿಲ್ಲ, ಹೆಗಲಿಗೇರಿಸಿ ನಡೆದೇಬಿಡುತ್ತಾನೆ. 2024ರ ಲೋಕಸಭೆಗೆ ಮಾರ್ಚ್ 16ಕ್ಕೆ ನೀತಿ ಸಂಹಿತೆ ಶುರುವಾಗಿ, ಮೇ 7ಕ್ಕೆ ನಮ್ಮಲ್ಲಿ ಮತದಾನವಾಗಿ, ಜೂನ್ 4ಕ್ಕೆ ಎಣಿಕೆ ಮುಗಿಯಿತು. ಅಷ್ಟು ದಿನ ಬೋರ್‌ವೆಲ್ ನೀರಿನ ಬೆಳೆಗೆ ದೇವರೇ ಕಾವಲು. ಹಂದಿಗಳಿಗೆ ನೀತಿ ಸಂಹಿತೆ ಅನ್ವಯಿಸುವುದಿಲ್ಲ.

ಆಯುಧ ಒಪ್ಪಿಸು ಎಂದಾಗ ಒಪ್ಪದವರೂ ಈ ನಾಡಿನಲ್ಲಿದ್ದರು. 1857ರಲ್ಲಿ ಕಂಪನಿ ಸರ್ಕಾರ ಹತಾರು ಒಪ್ಪಿಸಬೇಕೆಂದು ಹುಕುಂ ಹೊರಡಿಸಿದಾಗ ಮುಧೋಳದ ಬಳಿಯ ಹಲಗಲಿಯ ಬೇಡರು ಆಗದು ಎಂದರು. ಊರಿಗೆ ಬೆಂಕಿ ಬಿತ್ತು, ಹಲವರು ನೇಣಿಗೇರಿದರು. ಫ್ಲೀಟ್ ಸಾಹೇಬ ಸಂಗ್ರಹಿಸಿದ ಲಾವಣಿಯಿಂದ ಆ ಕತೆ ಶಾಲೆಯ ಪಾಠಕ್ಕೂ ಬಂತು. ಅದನ್ನು ಓದುವಾಗ ನನಗೆ ಠಾಣೆಯಲ್ಲಿ ರಸೀದಿಗಾಗಿ ಬೆಂಚಿನ ಮೇಲೆ ಕೂತ ದೊಡ್ಡಪ್ಪನ ನೆನಪಾಗಿ ಸ್ವಲ್ಪ ಇರುಸುಮುರುಸು. ಕೊಡಗಿನವರ ದಾರಿಯೇ ಬೇರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದಲೇ ವಿನಾಯಿತಿ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಲಾಗಿದೆ. ಅಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ. ನಮ್ಮಲ್ಲೂ ಆಯುಧಪೂಜೆಗೆ ವಿಭೂತಿ ಬಳಿಯುತ್ತಿದ್ದೆವು. ಬಂದೂಕಿನ ಪಕ್ಕ ಟ್ರ್ಯಾಕ್ಟರು, ಟ್ರ್ಯಾಕ್ಟರಿನ ಪಕ್ಕ ಮಿಕ್ಸಿ.

ದೊಡ್ಡಪ್ಪ ತೀರಿಕೊಂಡ ಮೇಲೆ ಮೂವರು ಮಕ್ಕಳು ಹಿಸ್ಸೆಗೆ ಕೂತರು. ಹೊಲ ಆಯಿತು, ಕಣ ಆಯಿತು, ಹಿತ್ತಲ ಹುಣಸೆಮರದ ಹಣ್ಣು ಸರದಿಯಂತೆ ಎಂದಾಯಿತು. ಉಳಿದದ್ದು ಬಂದೂಕು. ದೊಡ್ಡವನು ಹಿರಿಮಗನಿಗೆ ಸೇರಬೇಕೆಂದ. ನಡುವಿನವನು ರಾತ್ರಿ ಕಾವಲಿಗೆ ಹೋಗುತ್ತಿದ್ದವನು ತಾನು ಎಂದ. ಕಿರಿಯವನು ಐಟಿಐ ಓದಿದವನು, ಹಾಗಾಗಿ ನ್ಯಾಯವಂತ. "ಬಿಚ್ಚಿದ್ರೆ ಮೂರು ತುಂಡಾಗ್ತೈತೆ. ನಳಿಗಿ ಅಣ್ಣಂಗೆ, ಹಿಡಿ ಇವನಿಗೆ, ಮುಂದಿನ ಕಟ್ಟಿಗಿ ನಂಗೆ. ಹಂದಿ ಬಂದಾಗ ಮೂರೂ ಜನ ಕೂಡಿ ಜೋಡಿಸ್ಕೊಳ್ಳಾಣ" ಎಂದ.

ಪಂಚರೆಲ್ಲ ತಲೆದೂಗಿದರು. ನಿಜಕ್ಕೂ ಒಳ್ಳೆಯ ಪಾಲು. ಅಣ್ಣತಮ್ಮಂದಿರಲ್ಲಿ ಇಬ್ಬರಿಗೆ ಮಾತಿರಲಿಲ್ಲ, ಮೂರನೆಯವನ ಮೊಬೈಲು ರಾತ್ರಿ ಎಂಟಕ್ಕೇ ಬಂದ್. ಅವರೆಲ್ಲ ಒಂದೆಡೆ ಸೇರಿ ಬಂದೂಕು ಜೋಡಿಸುವಷ್ಟರಲ್ಲಿ ಹಂದಿಗಳು ಉಂಡು, ತೇಗಿ, ಮಲಗಿ ಎದ್ದು ಹೋಗಿರುತ್ತಿದ್ದವು ಎಂಬುದನ್ನು ಯಾರೂ ಎತ್ತಲಿಲ್ಲ. ತಕರಾರೆತ್ತಿದವರು ಪಂಚರಲ್ಲಿದ್ದ ನಿವೃತ್ತ ಹೆಡ್ ಕಾನ್‌ಸ್ಟೇಬಲ್ಲರು, ಅದೂ ಬೇರೆ ಕಾರಣಕ್ಕೆ. ಎಲೆಯಡಿಕೆ ಉಗುಳಿ ಬಂದು ಹೇಳಿದರು: "ಇಡೀ ಬಂದೂಕು ಇದ್ರೆ ಒಬ್ಬ ಜೈಲಿಗೆ ಹೋಗ್ತಾನ. ಮೂರು ತುಂಡು ಮಾಡಿದ್ರೆ ಮೂರೂ ಜನ ಹೋಗ್ತೀರಿ."

ಅಲ್ಲಿಗೆ ಅದು ಠಾಣೆಗೆ ಹೋಯಿತು, ಇಡಿಯಾಗಿ. ಪರವಾನಗಿದಾರ ಸತ್ತರೆ ವಾರಸುದಾರರು ಬಂದೂಕನ್ನು ಠಾಣೆಗೋ ಪರವಾನಗಿಯುಳ್ಳ ವ್ಯಾಪಾರಿಗೋ ಒಪ್ಪಿಸಿ, ಬೇಕಾದವರು ಹೊಸದಾಗಿ ಅರ್ಜಿ ಹಾಕಿಕೊಳ್ಳಬೇಕು. ಆಮೇಲೆ ಶುರುವಾಯಿತು ನೋಡಿ ನಮ್ಮ ಕಡೆಯ ಜೋಡಣೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ವೈದ್ಯರ ಸರ್ಟಿಫಿಕೇಟು, ಬಂದೂಕು ಹಿಡಿಯಲು ತರಬೇತಿಯಾದ ಪತ್ರ, ಮಿಕ್ಕ ಇಬ್ಬರಿಂದ ತಕರಾರಿಲ್ಲವೆಂದು ಛಾಪಾ ಕಾಗದದ ಮೇಲೆ ಸಹಿ. ಹಳೆಯ ಪರವಾನಗಿ ಪುಸ್ತಕದಲ್ಲಿ ಚಿತ್ರದುರ್ಗದ ಮೊಹರು, ಏಕೆಂದರೆ ದಾವಣಗೆರೆ ಜಿಲ್ಲೆಯಾದದ್ದೇ 1997ರಲ್ಲಿ. ಈಗಂತೂ ಪ್ರತಿ ಪರವಾನಗಿದಾರನಿಗೂ ರಾಷ್ಟ್ರಮಟ್ಟದ ಕಡತದಲ್ಲೊಂದು ನಂಬರು ಬೇಕು. ದೊಡ್ಡವನು ಇವನ್ನೆಲ್ಲ ಒಂದೊಂದಾಗಿ ಕೂಡಿಸಿದ; ಪ್ರತಿ ಸಲವೂ ಒಂದು ಕಾಗದ ಕಡಿಮೆ. ನನ್ನ ಅಳಿಯನ ಸ್ಕ್ರೂ ಮಿಗುತ್ತಿತ್ತಲ್ಲ, ಅದು ಪುಣ್ಯದ ಕಾಲ.

ಕೊನೆಗೆ ಕಾಗದ ಕೂಡಿತು, ಬಂದೂಕು ದೊಡ್ಡವನ ಹೆಸರಿಗೆ ಬಂತು. ಸಹಿ ಹಾಕಿದ್ದಕ್ಕೆ ನಡುವಿನವನು ಹುಣಸೆಮರವನ್ನು ಪೂರ್ತಿ ಬರೆಸಿಕೊಂಡ. ಕಿರಿಯವನು ಏನೂ ಕೇಳಲಿಲ್ಲ. ಹೆಂಡತಿಯ ಹಳೆಯ ಸೀರೆಗಳನ್ನೆಲ್ಲ ತಂದು ತನ್ನ ಹೊಲದ ಸುತ್ತ ಬಿಗಿಯಾಗಿ ಬೇಲಿ ಕಟ್ಟಿದ. ಗಾಳಿಗೆ ಅವು ಪಟಪಟ ಬಡಿದುಕೊಂಡರೆ ಹಂದಿ ಹತ್ತಿರ ಸುಳಿಯುವುದಿಲ್ಲವಂತೆ. ಈಗ ಹಂದಿಗಳು ಆ ಹೊಲ ಬಳಸಿಕೊಂಡು ನೇರ ದೊಡ್ಡವನ ಮೆಕ್ಕೆಜೋಳಕ್ಕೆ ಇಳಿಯುತ್ತವೆ. ಕಳೆದ ಸುಗ್ಗಿಯಲ್ಲಿ ದೊಡ್ಡವನು ಬಂದೂಕು ಹೆಗಲಿಗೆ ಹಾಕಿಕೊಂಡೇ ತಮ್ಮನ ಮನೆ ಬಾಗಿಲಿಗೆ ಹೋಗಿದ್ದ. ಊರಿಗೆ ಊರೇ ಗಾಬರಿಯಾಗಿ ಹಿಂದೆ ಓಡಿತು. ಅವನು ಕೇಳಲು ಹೋದದ್ದು, ಇನ್ನೇನಾದರೂ ಸೀರೆ ಮಿಕ್ಕಿವೆಯಾ ಎಂದು.